ಕೆಚ್ಚು ಕುಡಿಯದ ಎಣ್ಣೆ

"ಅವ್ವಾ, ಗುರುಪಾದನ ಗಂಟನ್ನು ಬಿಚ್ಚಿ ನೋಡಲೇ?" ಎಂದು ಶಿಷ್ಯ ಕೇಳಿದ.

ಶಿಷ್ಯನ ಹೆಸರು ಚನ್ನಮಲ್ಲ. ಮಠದ ಉಗ್ರಾಣ ಅವನ ಕೈಯಲ್ಲಿತ್ತು. ಗುರುಪಾದ ಅವನ ಜೊತೆಗೇ ಮಠಕ್ಕೆ ಬಂದವನು, ಅವನ ಪಕ್ಕದಲ್ಲೇ ಮಲಗುವವನು, ಅಡುಗೆಮನೆ ನೋಡಿಕೊಳ್ಳುವವನು. ಅವ್ವ ಆ ಮಠದ ಹಿರಿಯಳು. ಅಕ್ಷರ ಬಾರದವಳು. ಆದರೂ ಅಕ್ಷರ ಬಲ್ಲವರು ಅವಳ ಮುಂದೆ ಬಂದು ಕೂರುತ್ತಿದ್ದರು.

ಅವ್ವ ಹೆಸರುಕಾಳು ಹಸನು ಮಾಡುತ್ತಿದ್ದಳು.

"ಗಂಟಿನಲ್ಲಿ ಏನಿದೆ?" ಎಂದಳು.

"ಗೊತ್ತಿಲ್ಲ. ಅದಕ್ಕೇ ಬಿಚ್ಚಬೇಕು ಅನ್ನುವುದು. ಉಗ್ರಾಣದ ಬೆಲ್ಲ ಕಡಿಮೆಯಾಗುತ್ತಿದೆ ಅವ್ವಾ. ನಾನು ತಿಂದಿಲ್ಲ. ನಿಮಗೆ ಹಲ್ಲಿಲ್ಲ."

"ಇರುವೆ?"

"ಇರುವೆ ಬೆಲ್ಲದ ಅಚ್ಚನ್ನೇ ಹೊತ್ತುಕೊಂಡು ಹೋಗುತ್ತದೆಯೇ? ಅವನನ್ನು ಕೇಳಿದರೆ ನಗುತ್ತಾನೆ. ನಗುವವನ ಹೊಟ್ಟೆಯಲ್ಲಿ ಏನಿದೆಯೋ ಯಾರು ಬಲ್ಲರು? ಇವತ್ತು ಸಂಜೆ ಅವನು ನೀರಿಗೆ ಹೋದಾಗ ಬಿಚ್ಚಿಬಿಡುತ್ತೇನೆ. ಬೆಲ್ಲ ಸಿಕ್ಕರೆ ಮಠ ಬಿಟ್ಟು ಹೋಗಲಿ. ಸಿಗದಿದ್ದರೆ ನನ್ನ ಮನಸ್ಸು ಹಗುರವಾಗುತ್ತದೆ. ಒಬ್ಬನ ಒಳಗನ್ನು ನೋಡಿ ತಿಳಿದುಕೊಂಡರೆ ತಪ್ಪೇನು?"

ಅವ್ವ ಒಂದು ಕಲ್ಲು ಆರಿಸಿ ಎಸೆದಳು.

"ಸಂಜೆಗೆ ಇನ್ನೂ ಹೊತ್ತಿದೆ. ಕೂತುಕೋ. ಒಬ್ಬ ಬಡಗಿಯ ಕತೆ ಹೇಳುತ್ತೇನೆ" ಎಂದಳು.

ಕಾಡಿನ ಅಂಚಿನ ಊರಿನಲ್ಲಿ ಒಬ್ಬ ಬಡಗಿಯಿದ್ದ. ಒಳ್ಳೆಯ ಕೈ. ಅವನು ಕೂಡಿಸಿದ ಬಾಗಿಲನ್ನು ಅಜ್ಜ ತೆರೆದರೂ ಮೊಮ್ಮಗ ತೆರೆದರೂ ಕಿರ್ ಎನ್ನುತ್ತಿರಲಿಲ್ಲ. ಮರವನ್ನು ಬೆರಳಿನ ಗೆಣ್ಣಿನಿಂದ ತಟ್ಟಿ, ಮೂಸಿ ನೋಡಿ, ಇದರಲ್ಲಿ ಕೆಚ್ಚು ಇಷ್ಟಿದೆ ಎಂದು ಹೇಳಿಬಿಡುತ್ತಿದ್ದ. ಕೆಚ್ಚು ಎಂದರೆ ಮರದ ನಡುವಿನ ಗಟ್ಟಿ ಭಾಗ, ಬಣ್ಣ ತಿರುಗಿದ ಭಾಗ. ಅದರ ಸುತ್ತ, ತೊಗಟೆಯ ಕೆಳಗೆ, ಬಿಳಿ ಮರವಿರುತ್ತದೆ. ಬಡಗಿಗೆ ಬಿಳಿ ಮರ ಮರವೇ ಅಲ್ಲ. ಬಾಚಿಯಿಂದ ಕೆತ್ತಿ ಒಲೆಗೆ ಹಾಕುತ್ತಿದ್ದ. ಅವನ ಮನೆಯಲ್ಲಿ ಅನ್ನ ಬೇಯುತ್ತಿದ್ದುದು ಬಿಳಿ ಮರದಿಂದ, ಅನ್ನ ಹುಟ್ಟುತ್ತಿದ್ದುದು ಕೆಚ್ಚಿನಿಂದ.

ಆ ಸೀಮೆಗೆ ಹೊಸದಾಗಿ ಕರೆಂಟು ಬರುವುದಿತ್ತು. ಮರದ ಕಂಬ ನೆಟ್ಟು, ಮೇಲೆ ತಂತಿ ಎಳೆದು, ಊರೂರಿಗೆ ದೀಪ ಕೊಡುವ ಕೆಲಸ. ಕಂಬಗಳನ್ನು ಸಿದ್ಧ ಮಾಡಿಕೊಡುತ್ತೀಯಾ ಎಂದು ಕರೆಂಟಿನವರು ಬಡಗಿಯನ್ನು ಕೇಳಿದರು. ಬಾಗಿಲು ಕಿಟಕಿಯ ಕೆಲಸ ಅವನಿಗೆ ಬೇಕಾದಷ್ಟಿತ್ತು. ಆದರೂ ಒಪ್ಪಿಕೊಂಡ. ಯಾಕೆಂದರೆ ಅವನ ಒಬ್ಬನೇ ಮಗ ತಂತಿ ಎಳೆಯುವ ಕೆಲಸಕ್ಕೆ ಸೇರಿದ್ದ. ಸೊಂಟಕ್ಕೆ ಹಗ್ಗ ಬಿಗಿದು ಅಳಿಲಿನ ಹಾಗೆ ಕಂಬ ಹತ್ತುತ್ತಿದ್ದ. ಆ ಸಾಲಿನ ಕಂಬಗಳನ್ನೆಲ್ಲ ಹತ್ತಬೇಕಾದವನು ಅವನೇ.

"ನನ್ನ ಮಗ ಜೀವ ಇಟ್ಟು ಹತ್ತುವ ಕಂಬ. ಅದನ್ನು ಕಂಡವರ ಕೈಗೆ ಕೊಡುವುದೇ?" ಎಂದ ಬಡಗಿ.

ಈಗ ಮರದ ಗುಣ ಹೇಳಬೇಕು. ಗಾಳಿಯಲ್ಲಿ ನಿಂತ ಒಣ ಮರ ಬಹಳ ಕಾಲ ಬಾಳುತ್ತದೆ. ನೀರಿನ ತಳದಲ್ಲಿ ಮುಳುಗಿದ ಮರವೂ ಬಾಳುತ್ತದೆ. ಮಣ್ಣೂ ಗಾಳಿಯೂ ಕೂಡುವ ಜಾಗದಲ್ಲಿ ಮಾತ್ರ ಮರ ಸಾಯುತ್ತದೆ. ಅಲ್ಲಿ ಪಸೆ ಇರುತ್ತದೆ, ಬೂಸು ಹಿಡಿಯುತ್ತದೆ, ಗೆದ್ದಲು ಹತ್ತುತ್ತದೆ. ನೆಟ್ಟ ಕಂಬ ಮುರಿಯುವುದು ಮೊಣಕಾಲಿನ ಕೆಳಗೇ. ಅದಕ್ಕಾಗಿ ಕಂಬದ ಬುಡಕ್ಕೆ ಕಲ್ಲಿದ್ದಲಿನ ಕರಿ ಎಣ್ಣೆ ಕುಡಿಸುತ್ತಾರೆ. ಅದರ ಘಾಟಿಗೆ ಗೆದ್ದಲು ದಾರಿ ಬದಲಿಸುತ್ತದೆ.

ಬಡಗಿಗೆ ಎಣ್ಣೆಯ ಕೆಲಸ ಬಾರದು. ಅದಕ್ಕೊಬ್ಬನನ್ನು ಕರೆತಂದ. ರೈಲುಹಳಿಯ ಕೆಳಗೆ ಹಾಸುವ ಮರದ ದಿಮ್ಮಿಗಳಿಗೆ ಎಣ್ಣೆ ಕುಡಿಸಿ ಅನುಭವ ಇದ್ದವನು. ಜನ ಅವನನ್ನು ಕಾಸುವವನು ಎಂದೇ ಕರೆದರು. ಅಂಗಳದಲ್ಲಿ ಆಳೆತ್ತರದ ಕಬ್ಬಿಣದ ಕೊಪ್ಪರಿಗೆ ಹೂಳಿಸಿ, ಅದರ ಕೆಳಗೆ ಒಲೆ ತೋಡಿಸಿದ. ಕಂಬಗಳ ಬುಡವನ್ನು ಅದರಲ್ಲಿ ಇಳಿಸಿ ನಿಲ್ಲಿಸುತ್ತಿದ್ದ. ಎಣ್ಣೆಯನ್ನು ದಿನವಿಡೀ ಕಾಸುತ್ತಿದ್ದ. ಬಿಸಿಗೆ ಮರದೊಳಗಿನ ಗಾಳಿ ಗುಳುಗುಳು ಎಂದು ಹೊರಗೆ ಬರುತ್ತಿತ್ತು. ಆಮೇಲೆ ಬೆಂಕಿ ಎಳೆದು, ಕಂಬವನ್ನು ಅಲ್ಲೇ ತಣ್ಣಗಾಗಲು ಬಿಡುತ್ತಿದ್ದ. ಓಡಿ ಬಂದವನು ಉಸಿರೆಳೆದ ಹಾಗೆ ಮರ ತಣಿಯುತ್ತ ತಣಿಯುತ್ತ ಎಣ್ಣೆಯನ್ನು ಒಳಗೆಳೆದುಕೊಳ್ಳುತ್ತಿತ್ತು.

ಬಡಗಿಯ ಮಗನಿಗೂ ಕಾಸುವವನಿಗೂ ಬೇಗ ಹೊಂದಿಕೆಯಾಯಿತು. ಇಬ್ಬರೂ ಒಂದೇ ಬಟ್ಟೆಯ ಮೇಲೆ ರೊಟ್ಟಿ ಹರಡಿಕೊಂಡು ಉಣ್ಣುತ್ತಿದ್ದರು. ಮಗ ಅವನನ್ನು ಕಾಕಾ ಎನ್ನುತ್ತಿದ್ದ.

"ಕಾಕಾ, ನಿನ್ನ ರೊಟ್ಟಿಗೆ ಎಣ್ಣೆ ಹಚ್ಚುವುದೇ ಬೇಡ ನೋಡು. ಕೈ ಮುಟ್ಟಿದರೆ ಸಾಕು."

"ತಿನ್ನು ತಿನ್ನು. ಗೆದ್ದಲು ಹತ್ತದ ಹಾಗೆ ನೂರು ವರ್ಷ ಬಾಳುತ್ತೀಯ."

ಬಡಗಿ ಕೆಟ್ಟವನಲ್ಲ. ಆದರೆ ಕಾಣದ ಕೆಲಸವನ್ನು ನಂಬಿ ಅವನಿಗೆ ಅಭ್ಯಾಸವಿರಲಿಲ್ಲ. ಬಡಗಿಯ ಕೆಲಸವೆಲ್ಲ ಕಣ್ಣ ಮುಂದಿನದು. ಸಂದು ಕೂಡಿದರೆ ಕಾಣುತ್ತದೆ, ಕೂಡದಿದ್ದರೆ ಕಾಣುತ್ತದೆ. ಎಣ್ಣೆ ಹಾಗಲ್ಲ. ಅದು ಒಳಗೆ ಹೋಗುತ್ತದೆ. ಹೋಯಿತು ಎಂದು ಹೇಳುವವನು ಕಾಸುವವನೊಬ್ಬನೇ.

ಮೊದಲನೆಯ ಗಾಡಿ ಕಂಬ ಬಂತು. ಎಳೆಯ ಮರ, ಬಿಸಿಲಿನಲ್ಲಿ ಚೆನ್ನಾಗಿ ಒಣಗಿದ ಮರ. ಕೊಪ್ಪರಿಗೆಯಿಂದ ತೆಗೆದಾಗ ಎಣ್ಣೆ ಬಹಳ ಕೆಳಗೆ ಇಳಿದಿತ್ತು. ಗಾಡಿಯವನು ಬಗ್ಗಿ ನೋಡಿ ನಕ್ಕ.

"ಏನಣ್ಣಾ, ಇಷ್ಟು ಎಣ್ಣೆಯನ್ನು ಮರ ಕುಡಿಯಿತೋ, ಮನುಷ್ಯ ಕುಡಿದನೋ?"

ಅವನು ಹೇಳಿ ಎತ್ತಿಗೆ ಬಾರುಕೋಲು ಬೀಸಿ ಹೋದ. ಮಾತು ಅಂಗಳದಲ್ಲಿ ಉಳಿಯಿತು. ಸುಣ್ಣಕ್ಕೆ ನೀರು ಬಿದ್ದ ಹಾಗೆ ಬಡಗಿಯ ಮನಸ್ಸಿನಲ್ಲಿ ಕುದಿಯಿತು. ಕಾಸುವವನು ಕೈ ತೊಳೆಯಲು ಹೋದಾಗ ಅವನ ಬುತ್ತಿ ಬಿಚ್ಚಿ ಮೂಸಿದ. ರೊಟ್ಟಿ ಎಣ್ಣೆಯ ವಾಸನೆ ಹೊಡೆಯಿತು. ಎಣ್ಣೆಯಲ್ಲಿ ದುಡಿಯುವವನ ರೊಟ್ಟಿ ಮಲ್ಲಿಗೆಯ ವಾಸನೆ ಹೊಡೆಯುತ್ತದೆಯೇ? ಆದರೆ ಬಡಗಿಗೆ ಅದೂ ಒಂದು ಸಾಕ್ಷಿಯಾಯಿತು.

ಎರಡನೆಯ ಗಾಡಿ ಬಂತು. ಬಲಿತ ಮರ. ಬಡಗಿ ತಾನೇ ಕಾಡಿಗೆ ಹೋಗಿ ಕೆಚ್ಚು ನೋಡಿ ಆರಿಸಿದ್ದ. ಸುತ್ತಲಿನ ಬಿಳಿ ಬೆರಳಿನಷ್ಟು ದಪ್ಪವೂ ಇಲ್ಲ. ಮೇಲಾಗಿ ಕಡಿದು ಬಹಳ ದಿನವಾಗಿರಲಿಲ್ಲ, ಒಳಗಿನ ನೀರು ಆರಿರಲಿಲ್ಲ. ಬಡಗಿ ಈ ಸಲ ಮೊದಲೇ ಕೊಪ್ಪರಿಗೆಯಲ್ಲಿ ಕೋಲು ಅದ್ದಿ, ಕಿವಿಯ ಮೇಲಿನ ಪೆನ್ಸಿಲಿನಿಂದ ಗುರುತು ಹಾಕಿಕೊಂಡಿದ್ದ. ಕಂಬ ತೆಗೆದ ಮೇಲೆ ಮತ್ತೆ ಅದ್ದಿದ. ಎಣ್ಣೆ ಗುರುತಿನ ಹತ್ತಿರವೇ ನಿಂತಿತ್ತು.

"ಇದೇನು?" ಎಂದ ಬಡಗಿ. "ಆ ಸಲ ಅಷ್ಟು ಇಳಿಯಿತು, ಈ ಸಲ ಅಲುಗಲೇ ಇಲ್ಲ?"

"ಆ ಮರ ಕುಡಿಯಿತು, ಈ ಮರ ಕುಡಿಯಲಿಲ್ಲ ಅಣ್ಣಾ."

"ಅದೇ ಕೊಪ್ಪರಿಗೆ, ಅದೇ ಎಣ್ಣೆ, ಅದೇ ನೀನು."

"ಮರ ಬೇರೆಯಲ್ಲವೇ? ಇದರ ಹೊಟ್ಟೆ ತುಂಬ ನೀರಿದೆ. ಈಗಷ್ಟೇ ಉಂಡು ಎದ್ದವನಿಗೆ ಪಾಯಸ ಬಡಿಸಿದರೆ ಕುಡಿಯುತ್ತಾನೆಯೇ? ಇದನ್ನು ಬಿಸಿಲು ನೋಡಲು ಬಿಡಿ. ಒಣಗಲಿ. ಸೀಳುವುದಿದ್ದರೆ ಈಗಲೇ ಸೀಳಲಿ, ಸೀಳಿನೊಳಗೂ ಎಣ್ಣೆ ಹೋಗುತ್ತದೆ. ಎಣ್ಣೆ ಕುಡಿಸಿದ ಮೇಲೆ ಸೀಳಿದರೆ ಕಷ್ಟ."

ಮಾತು ಸರಿಯಾಗಿಯೇ ಇತ್ತು. ಹಸಿ ಮರದ ಬಾಗಿಲು ತಿರುಚಿಕೊಳ್ಳುತ್ತದೆ ಎಂದು ಬಡಗಿಗೂ ಗೊತ್ತು. ಆದರೆ ಅನುಮಾನ ಬಂದವನಿಗೆ ಸರಿಯಾದ ಮಾತು ಇನ್ನೂ ಹೆಚ್ಚಿನ ಅನುಮಾನ ಕೊಡುತ್ತದೆ. ಮೊದಲೇ ಯೋಚಿಸಿ ಇಟ್ಟುಕೊಂಡಿದ್ದಾನೆ, ನೋಡು ಹೇಗೆ ಬಂತು ಉತ್ತರ ಎಂದುಕೊಂಡ. ಎಣ್ಣೆ ಇಳಿದರೆ ಕದ್ದ. ಇಳಿಯದಿದ್ದರೆ ಕಾಸಲಿಲ್ಲ. ಕಾಸುವವನು ಎಲ್ಲಿ ನಿಂತರೂ ಅವನ ನೆರಳು ಬಡಗಿಯ ಕಡೆಗೇ ಬೀಳುತ್ತಿತ್ತು.

ಕಂಬಗಳು ಒಣಗಿದವು. ಮತ್ತೆ ಎಣ್ಣೆಗೆ ಇಳಿದವು. ಈ ಸಲ ಕೊಪ್ಪರಿಗೆ ಸ್ವಲ್ಪ ಇಳಿಯಿತು, ಬಹಳ ಇಳಿಯಲಿಲ್ಲ. ಅಂದು ಮಧ್ಯಾಹ್ನ ಎಲ್ಲರೂ ಊಟಕ್ಕೆ ಹೋದಾಗ ಬಡಗಿ ದಿಮ್ಮಿಗಳ ಹಿಂದಿನಿಂದ ಬಂದ. ಕೈಯಲ್ಲಿ ಮರ ಕೊರೆಯುವ ಬೈರಿಗೆ ಇತ್ತು. ಕಂಬದ ಬುಡದಿಂದ ಅಳೆದು, ನಾಳೆ ಮಣ್ಣು ಎಲ್ಲಿಯವರೆಗೆ ಬರುತ್ತದೋ ಸರಿಯಾಗಿ ಅಲ್ಲಿ ಬೈರಿಗೆ ಊರಿ ತಿರುಗಿಸಿದ. ಅಲ್ಲಿ ತಾನೇ ಎಣ್ಣೆ ಬೇಕಾದದ್ದು? ಅಲ್ಲೇ ನೋಡಬೇಕು.

ಮೊದಲು ಕರಿ ಪುಡಿ ಬಂತು. ಆಮೇಲೆ ಕೆಂಪು ಪುಡಿ. ಕೊನೆಯವರೆಗೂ ಕೆಂಪು ಪುಡಿಯೇ. ಎಣ್ಣೆಯ ಕಲೆ ಇಲ್ಲ, ವಾಸನೆ ಇಲ್ಲ.

ಬಡಗಿಯ ಎದೆ ಹೊಡೆದುಕೊಂಡಿತು. ಹೆದರಿಕೆಯಿಂದ ಅಲ್ಲ. ಸಿಕ್ಕಿಬಿದ್ದ ಎಂಬ ಹಿಗ್ಗಿನಿಂದ. ಅಂಗೈ ತುಂಬ ಕೆಂಪು ಪುಡಿ ಹಿಡಿದು ಹೋಗಿ ಕಾಸುವವನ ಊಟದ ಮುಂದೆ ಸುರಿದ.

"ಇದೇನು ಹೇಳು. ಹೊರಗೆ ಮಸಿ ಬಳಿದು ಒಳಗೆ ಮೋಸ. ನನ್ನ ಮಗ ಹತ್ತುವ ಕಂಬ ಇದು. ಇವನ ಜೊತೆ ಕೂತು ಉಣ್ಣುತ್ತೀಯಲ್ಲ, ನಿನಗೆ ಗಂಟಲಲ್ಲಿ ಹೇಗೆ ಇಳಿಯುತ್ತದೆ?"

ಮಗ ತುತ್ತು ಕೆಳಗಿಟ್ಟ. "ಅಪ್ಪಾ!"

ಕಾಸುವವನು ಪುಡಿಯನ್ನು ಬೆರಳಿನಿಂದ ತಿಕ್ಕಿ ನೋಡಿದ.

"ಇದು ಕೆಚ್ಚಿನ ಪುಡಿ. ಕೆಚ್ಚು ಎಣ್ಣೆ ಕುಡಿಯುವುದಿಲ್ಲ ಅಣ್ಣಾ. ಅದರ ಬಾಯಿ ಎಂದೋ ಮುಚ್ಚಿಹೋಗಿರುತ್ತದೆ. ಕುಡಿಯುವುದು ಬಿಳಿ ಮರ. ಬೇರಿನ ನೀರು ಮೇಲೆ ಹತ್ತುವುದು ಅದರಲ್ಲೇ ತಾನೇ? ಬಿಳಿ ಎಷ್ಟು ದಪ್ಪವೋ ಎಣ್ಣೆ ಅಷ್ಟೇ ದೂರ. ಎಳೆಯ ಮರದಲ್ಲಿ ಬಿಳಿ ಹೆಚ್ಚು, ಅದಕ್ಕೆ ಬಹಳ ಕುಡಿಯಿತು. ಈ ಬಲಿತದ್ದರಲ್ಲಿ ಕಡಿಮೆ."

"ಬಿಳಿ ಮರವನ್ನು ನಾವು ಒಲೆಗೆ ಹಾಕುತ್ತೇವೆ. ಗಟ್ಟಿತನ ಇರುವುದು ಕೆಚ್ಚಿನಲ್ಲಿ. ಕಸಕ್ಕೆ ಎಣ್ಣೆ ಕುಡಿಸಿ ಕೆಚ್ಚನ್ನು ಬರಿದೇ ಬಿಟ್ಟೆ ಅನ್ನುತ್ತೀಯಾ?"

"ಬಾಗಿಲಿಗೆ ಅದು ಕಸ ಇರಬಹುದು. ಕಂಬಕ್ಕೆ ಅದೇ ಕೋಟೆ. ಗೆದ್ದಲು ಬರಬೇಕಾದರೆ ಹೊರಗಿನಿಂದ ತಾನೇ ಬರಬೇಕು? ಹೊರಗಿನದು ಎಣ್ಣೆ ಕುಡಿದು ಒಳಗಿನದನ್ನು ಕಾಯುತ್ತದೆ. ನೋಡಬೇಕೆಂದರೆ ಗಾಡಿಗೊಂದು ಕಂಬ ಕೊರೆದು ನೋಡಿ, ಬೇಡ ಅನ್ನುವುದಿಲ್ಲ. ನೋಡಿದ ಮೇಲೆ ಎಣ್ಣೆಯಲ್ಲಿ ನೆನೆದ ಬೆಣೆ ಹೊಡೆದು ತೂತು ಮುಚ್ಚಿಬಿಡೋಣ."

ಇಷ್ಟು ಹೇಳಿ ಅವನು ಉಳಿದ ರೊಟ್ಟಿಯನ್ನು ಬಟ್ಟೆಯಲ್ಲಿ ಸುತ್ತಿ ಎದ್ದ.

ಬಡಗಿ ಗಾಡಿಗೊಂದು ಕಂಬ ಕೊರೆಯಲಿಲ್ಲ. ಎಲ್ಲವನ್ನೂ ಕೊರೆಯುತ್ತ ಹೋದ. ಒಂದನ್ನು ಕೊರೆದು ಇನ್ನೊಂದನ್ನು ಬಿಟ್ಟರೆ, ಬಿಟ್ಟದ್ದರಲ್ಲೇ ಮೋಸವಿದ್ದರೆ? ಮಗ ಹತ್ತುವುದು ಬಿಟ್ಟ ಕಂಬವನ್ನೇ ಆದರೆ? ಎಳೆಯ ಮರದಲ್ಲಿ ಕರಿ ಪುಡಿ ಬಹಳ ಹೊತ್ತು ಬಂತು, ಆಗ ಅವನಿಗೆ ಕೋಪ ಬಂತು. ಬಲಿತ ಮರದಲ್ಲಿ ಬೇಗ ಕೆಂಪು ಪುಡಿ ಬಂತು, ಆಗ ಸಮಾಧಾನವಾಯಿತು. ವಿಚಿತ್ರ ನೋಡು. ಮಗನಿಗಾಗಿ ಒಳ್ಳೆಯ ಕಂಬ ಹುಡುಕಲು ಹೊರಟವನು ಕೆಟ್ಟ ಕಂಬ ಸಿಕ್ಕಿದಾಗ ಹಿಗ್ಗತೊಡಗಿದ್ದ.

ಕಾಸುವವನು ಎರಡು ದಿನ ಒಂದು ಮೂಲೆಯಲ್ಲಿ ಕೂತು ಚಾಕುವಿನಿಂದ ಬೆಣೆ ಕೆತ್ತಿದ. ಕೆತ್ತಿದ್ದನ್ನು ಬಿಸಿ ಎಣ್ಣೆಯಲ್ಲಿ ನೆನೆಹಾಕಿದ. ಮೂರನೆಯ ದಿನ ಬೆಳಿಗ್ಗೆ ಬುಟ್ಟಿ ತುಂಬ ಬೆಣೆ, ಕೈಯಲ್ಲಿ ಸುತ್ತಿಗೆ ಹಿಡಿದು ಕಂಬಗಳ ಹತ್ತಿರ ಬಂದ. ಬಡಗಿ ಅಡ್ಡ ನಿಂತ.

"ಏನು ಮಾಡುತ್ತೀಯ?"

"ತೂತು ಮುಚ್ಚುತ್ತೇನೆ."

"ನಾನು ಕಂಡದ್ದನ್ನು ಇನ್ನೊಬ್ಬರು ಕಾಣಬಾರದು ಎಂದೇ?"

ಕಾಸುವವನು ಒಂದು ತೂತಿಗೆ ಬೆರಳು ಹಾಕಿ ತೋರಿಸಿದ.

"ಅಣ್ಣಾ, ತೂತು ಬುಡದ ಕಡೆಗೆ ವಾಲಿಸಿ ಕೊರೆದದ್ದು. ಕಂಬ ನೆಟ್ಟಾಗ ಒಳಮುಖವಾಗಿ ಕೆಳಗೆ ಇಳಿಯುತ್ತದೆ. ಮಳೆ ಬಂದರೆ ನೀರು ಒಳಗೇ ನಿಲ್ಲುತ್ತದೆ. ನನ್ನ ಮೇಲಿನ ಸಿಟ್ಟು ನನ್ನ ಮೇಲಿರಲಿ. ಬೆಣೆ ಹೊಡೆಯಲು ಬಿಡಿ."

"ಹೊಡೆದ ಬೆಣೆಯ ಹಿಂದೆ ಏನಿದೆ ಎಂದು ಆಮೇಲೆ ನಾನು ಹೇಗೆ ನೋಡಲಿ? ಮುಚ್ಚಬೇಡ. ತೆರೆದೇ ಇರಲಿ. ನನಗೆ ಬೇಕೆನಿಸಿದಾಗ ನೋಡುತ್ತೇನೆ."

ಬಡಗಿ ಬುಟ್ಟಿಯನ್ನು ಕಸಿದು ಕೊಪ್ಪರಿಗೆಯ ಕೆಳಗಿನ ಬೆಂಕಿಗೆ ಸುರಿದ. ಎಣ್ಣೆ ಕುಡಿದ ಬೆಣೆಗಳು ಭಗ್ಗೆಂದು ಹೊತ್ತಿದವು. ಕಾಸುವವನು ಸುತ್ತಿಗೆಯನ್ನು ದಿಮ್ಮಿಯ ಮೇಲಿಟ್ಟ. ಮಗ ಅಂದು ಅಂಗಳದಲ್ಲಿರಲಿಲ್ಲ, ತಂತಿ ತರಲು ಹೋಗಿದ್ದ. ಅವನು ಬರುವಷ್ಟರಲ್ಲಿ ಕಾಸುವವನು ಹೆಂಡತಿಯನ್ನು ಕರೆದುಕೊಂಡು, ಪಾತ್ರೆಗಳನ್ನು ಹೊತ್ತುಕೊಂಡು ಊರು ಬಿಟ್ಟಿದ್ದ.

"ಕಾಕಾ ಎಲ್ಲಿ?" ಎಂದು ಮಗ ಕೇಳಿದ.

"ಸಿಕ್ಕಿಬಿದ್ದ, ಓಡಿದ" ಎಂದ ಬಡಗಿ.

ಅಂದಿನಿಂದ ಮಗ ಊಟಕ್ಕೆ ಒಬ್ಬನೇ ದೂರ ಹೋಗಿ ಕೂರುತ್ತಿದ್ದ.

ಕಂಬಗಳನ್ನು ನೆಟ್ಟರು. ಮಗ ಒಂದೊಂದನ್ನೂ ಹತ್ತಿ ತಂತಿ ಎಳೆದ. ಕೊನೆಯ ಊರಿನವರೆಗೂ ದೀಪ ಹೊತ್ತಿತು. ಹೆಂಗಸರು ದೀಪಕ್ಕೆ ಕೈಮುಗಿದರು. ಬಡಗಿಯನ್ನು ಕೂರಿಸಿ ಬೆಲ್ಲ ನೀರು ಕೊಟ್ಟರು. ಎಲ್ಲರೂ ಮೇಲೆ ದೀಪ ನೋಡುತ್ತಿದ್ದರೆ ಬಡಗಿ ಕೆಳಗೆ ಕಂಬದ ಬುಡ ನೋಡುತ್ತಿದ್ದ.

ಬೇಸಿಗೆ ಬಂದಾಗ ಬೈರಿಗೆ ಹಿಡಿದು ಸಾಲಿನುದ್ದಕ್ಕೂ ಹೊರಟ. ಹಳೆಯ ತೂತಿಗೆ ಕಡ್ಡಿ ಹಾಕಿ ನೋಡಿದ. ಒಣಗಿಯೇ ಇತ್ತು. ಒಣಗಿದೆ ಎಂದು ನಂಬಲಾಗಲಿಲ್ಲ. ಪಕ್ಕದಲ್ಲಿ ಇನ್ನೊಂದು ತೂತು ಕೊರೆದ. ಅದೂ ಒಣಗಿತ್ತು. ಮುಂದಿನ ಬೇಸಿಗೆಯಲ್ಲೂ ಹೋದ. ಅದರ ಮುಂದಿನ ಬೇಸಿಗೆಯಲ್ಲೂ ಹೋದ. ದಾರಿಯಲ್ಲಿ ಕುರಿ ಕಾಯುವವನೊಬ್ಬ ಕೇಳಿದ:

"ಏನು ಹುಡುಕುತ್ತೀ ಅಣ್ಣಾ, ಕಂಬದೊಳಗೆ ಹೊನ್ನು ಇಟ್ಟಿದ್ದೀಯಾ?"

"ಒಬ್ಬ ಮೋಸ ಇಟ್ಟು ಹೋಗಿದ್ದಾನೆ. ಅದು ಎಲ್ಲಿದೆ ಎಂದು ನೋಡುತ್ತಿದ್ದೇನೆ."

"ಸಿಕ್ಕಿತೇ?"

"ಇನ್ನೂ ಇಲ್ಲ" ಎಂದ ಬಡಗಿ. ಸಿಗಲಿಲ್ಲವಲ್ಲ ಎಂಬ ಕೊರಗು ಅವನ ದನಿಯಲ್ಲಿತ್ತು.

ಬೇಸಿಗೆಯಲ್ಲಿ ನೋಡಿದರೆ ಎಲ್ಲ ತೂತೂ ಒಣಗಿಯೇ ಇರುತ್ತದೆ. ಮಳೆಗಾಲದಲ್ಲಿ ಅವನು ಹೋಗುತ್ತಿರಲಿಲ್ಲ.

ಹೀಗೆ ಕೆಲವು ಮಳೆ ಕಳೆದವು. ಒಂದು ವರ್ಷ ಮೊದಲ ಮಳೆಯ ಗಾಳಿಗೆ ತಂತಿ ಕಡಿಯಿತು. ಮಗ ಮಾರನೆಯ ಬೆಳಿಗ್ಗೆ ಕಂಬ ಹತ್ತಿದ. ಬಡಗಿ ಜೊತೆಗೇ ಹೋಗಿದ್ದ. ಮಗ ಮೇಲೆ ತಂತಿ ಬಿಗಿಯುತ್ತಿದ್ದ, ಇವನು ಕೆಳಗೆ ನಿಂತಿದ್ದ. ಕೈ ಸುಮ್ಮನಿರಲಿಲ್ಲ. ಅಭ್ಯಾಸಬಲದಿಂದ ಗೆಣ್ಣಿನಿಂದ ಕಂಬವನ್ನು ತಟ್ಟಿದ.

ಮರ ಮರದ ಹಾಗೆ ಮಾತಾಡಲಿಲ್ಲ. ಮದ್ದಳೆಯ ಹಾಗೆ ಮಾತಾಡಿತು.

ಹುಟ್ಟಿದಾಗಿನಿಂದ ಮರ ತಟ್ಟಿದ ಕೈ ಅದು. ಇನ್ನೊಮ್ಮೆ ತಟ್ಟಬೇಕಾಗಿರಲಿಲ್ಲ.

"ಇಳಿಯೋ! ಇಳಿಯೋ ಮಗನೇ!"

"ಇದೊಂದು ಗಂಟು ಅಪ್ಪಾ. ಹಾಕಿ ಬಂದೆ."

"ಗಂಟು ಹಾಳಾಗಲಿ, ಇಳಿ!"

ಮಗ ಕೆಳಗೆ ನೋಡಿದ. ತಂದೆಯ ಮುಖ ನೋಡಿ ನಗು ಬಂದಿರಬೇಕು. ಮುಪ್ಪಿನವನಿಗೆ ಮತ್ತೆ ಅನುಮಾನ ಹತ್ತಿತು ಎಂದುಕೊಂಡಿರಬೇಕು. ಗಂಟು ಹಾಕಲು ಮೈಯನ್ನು ಹಿಂದಕ್ಕೆ ವಾಲಿಸಿದ. ಬಡಗಿ ಕಂಬವನ್ನು ಎರಡೂ ತೋಳಿನಿಂದ ಅಪ್ಪಿ ಹಿಡಿದ. ಅವನ ತೋಳಿನೊಳಗೇ ಅದು ಮುರಿಯಿತು. ಮಣ್ಣಿನ ಅಂಚಿನಲ್ಲಿ, ಮೊಣಕಾಲಿನ ಕೆಳಗೆ.

ಮಗ ಹಗ್ಗದ ಸಮೇತ ಬಿದ್ದ. ಜೀವ ಉಳಿಯಿತು. ಸೊಂಟದ ಕೆಳಗೆ ಏನೂ ಅಲುಗಲಿಲ್ಲ. ಗಾಡಿಯಲ್ಲಿ ಹುಲ್ಲು ಹಾಸಿ ಮಲಗಿಸಿ ಆಸ್ಪತ್ರೆಗೆ ಒಯ್ದರು.

ಕೆಲವು ದಿನಗಳ ಮೇಲೆ ಬಡಗಿ ಮುರಿದ ಬುಡದ ಹತ್ತಿರ ಬಂದ. ಕಾಸುವವನ ಮೋಸ ಕೊನೆಗೂ ಸಿಕ್ಕಿತು, ಕಣ್ಣಾರೆ ನೋಡಬೇಕು ಎಂದೇ ಬಂದ. ಮಂಡಿಯೂರಿ ಕೂತು ನೋಡಿದ. ಹೊರಗಿನ ಬಿಳಿ ಮರ ಕರಿ ಬಳೆಯ ಹಾಗೆ ಸುತ್ತ ನಿಂತಿತ್ತು. ಉಳಿಯಿಂದ ಕೆತ್ತಿದ. ಉಳಿ ಜಾರಿತು, ಕಬ್ಬಿಣವಾಗಿತ್ತು ಅದು. ಬಳೆಯೊಳಗೆ ಕೆಚ್ಚು ಇರಲಿಲ್ಲ. ಗೆದ್ದಲಿನ ಹಸಿ ಮಣ್ಣು ಇತ್ತು. ಆ ಮಣ್ಣು ಎಲ್ಲಿಂದ ಒಳಗೆ ಬಂತು ಎಂದು ಬೆರಳು ಹಾಕಿ ದಾರಿ ಹುಡುಕುತ್ತ ಹೋದ. ಬಳೆಯನ್ನು ಗೆದ್ದಲು ಎಲ್ಲೂ ಕೊರೆದಿರಲಿಲ್ಲ. ಒಂದು ಜಾಗದಲ್ಲಿ ಮಾತ್ರ ಬೆರಳು ಆಚೆಗೆ ಹೊರಟಿತು. ಆ ತೂತು ಅವನ ಬೈರಿಗೆಯ ಅ‌ಳತೆಯದು. ಅದರ ಪಕ್ಕ ಇನ್ನೊಂದು. ಅದರ ಪಕ್ಕ ಮತ್ತೊಂದು.

ಅವನು ಎದ್ದು ಸಾಲಿನುದ್ದಕ್ಕೂ ನಡೆದ. ಒಂದೊಂದು ಕಂಬವನ್ನೂ ತಟ್ಟಿದ. ಎಲ್ಲ ಮದ್ದಳೆಯೇ. ಒಂದು ಊರಿನ ಬಾಗಿಲಲ್ಲಿ ಮಾತ್ರ ಒಂದು ಕಂಬ ಗಟ್ಟಿಯಾಗಿ ಠಣ್ ಎಂದಿತು. ಅದು ಯಾಕೆ ಉಳಿಯಿತು ಎಂದು ನೆನಪಾಯಿತು. ಕಂಬ ಇಳಿಸಿದ ದಿನವೇ ಆ ಊರಿನ ಮುದುಕಿಯರು, ಬೆಳಕು ತರುವ ದೇವರು ಎಂದು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಎಡೆ ಇಟ್ಟು, ಪೂಜೆ ಮಾಡಿಬಿಟ್ಟಿದ್ದರು. ಅದೊಂದನ್ನು ಅವನು ಅಂಗಳದಲ್ಲಿ ಕೊರೆದಿರಲಿಲ್ಲ, ಬೈರಿಗೆಯ ಮೊನೆ ಮುರಿದಿತ್ತು. ಅಲ್ಲಿಗೇ ಹೋಗಿ ಕೊರೆಯೋಣ ಎಂದುಕೊಂಡಿದ್ದ. ಪೂಜೆಗೊಂಡ ಮೈಗೆ ಬೈರಿಗೆ ಊರಲು ಅವನಿಗೂ ಧೈರ್ಯ ಬರಲಿಲ್ಲ. ಒಳಗೆ ಏನಿದೆ ಎಂದು ಆ ಮುದುಕಿಯರಿಗೆ ಗೊತ್ತಿರಲಿಲ್ಲ. ಅವನಿಗೂ ಗೊತ್ತಿರಲಿಲ್ಲ. ಕಂಬ ನಿಂತಿತ್ತು.

ಬಡಗಿ ಕಾಸುವವನನ್ನು ಹುಡುಕಿಕೊಂಡು ಹೊರಟ. ಹೊಳೆಯಾಚೆ ಒಂದು ಸುಣ್ಣದ ಭಟ್ಟಿಯಲ್ಲಿ ಅವನು ಸಿಕ್ಕಿದ. ಮೈಯೆಲ್ಲ ಬೆಳ್ಳಗಾಗಿತ್ತು. ಬಡಗಿಯನ್ನು ನೋಡಿ ಎದ್ದು ನಿಂತ. ಚೊಂಬಿನಲ್ಲಿ ನೀರು ತಂದು ಕೊಟ್ಟ.

"ಕಂಬ ಬಿತ್ತು" ಎಂದ ಬಡಗಿ.

"ಕೇಳಿದೆ. ಮಗ ಹೇಗಿದ್ದಾನೆ?"

"ನಾನು ಕೊರೆದ ತೂತೇ. ನಿನ್ನ ಎಣ್ಣೆ ಹಾಗೇ ಇತ್ತು."

"ಮಗ ಹೇಗಿದ್ದಾನೆ ಅಣ್ಣಾ? ಕಾಲು ಅಲುಗಿಸುತ್ತಾನೆಯೇ?"

"ಹಾಸಿಗೆಯಲ್ಲಿದ್ದಾನೆ. ವೈದ್ಯರು ಇನ್ನೂ ಏನೂ ಹೇಳುತ್ತಿಲ್ಲ."

ಬಡಗಿ ನೀರಿನ ಚೊಂಬನ್ನು ಹಿಡಿದೇ ಇದ್ದ, ಕುಡಿಯಲಿಲ್ಲ.

"ಸಾಲಿನ ಕಂಬಗಳನ್ನೆಲ್ಲ ಹೊಸದಾಗಿ ನೆಡಬೇಕು. ವಾಪಸು ಬಾ ತಮ್ಮಾ. ಬೈರಿಗೆಯನ್ನು ಹೊಳೆಗೆ ಎಸೆದಿದ್ದೇನೆ."

"ಹುಡುಗನನ್ನು ನೋಡಲು ಬರುತ್ತೇನೆ. ಕೆಲಸಕ್ಕೆ ಬರುವುದಿಲ್ಲ."

"ಇನ್ನೂ ಸಿಟ್ಟೇ?"

"ಸಿಟ್ಟಲ್ಲ ಅಣ್ಣಾ. ಎಣ್ಣೆ ಇಳಿದಾಗಲೆಲ್ಲ ನೀವು ನನ್ನ ಮುಖ ನೋಡುತ್ತೀರಿ. ನೋಡುತ್ತಾರೇನೋ ಎಂದು ನಾನು ನಿಮ್ಮ ಮುಖ ನೋಡುತ್ತೇನೆ. ಕೊಪ್ಪರಿಗೆಯನ್ನು ಯಾರು ನೋಡುತ್ತಾರೆ?"

ಬಡಗಿ ಚೊಂಬನ್ನು ಕೆಳಗಿಟ್ಟು ಬಂದ ದಾರಿಯಲ್ಲೇ ಹೋದ.

ಅವ್ವ ಕತೆ ನಿಲ್ಲಿಸಿದಳು. ಹಸನಾದ ಕಾಳನ್ನು ಡಬ್ಬಿಗೆ ಸುರಿದಳು. ಹೊರಗೆ ಗುರುಪಾದ ಕೊಡ ಎತ್ತಿಕೊಂಡು ನೀರಿಗೆ ಹೊರಡುವ ಸದ್ದು ಕೇಳಿಸಿತು. ಚನ್ನಮಲ್ಲ ಆ ಕಡೆ ಒಮ್ಮೆ ನೋಡಿದ. ಏಳಲಿಲ್ಲ. ಏನೋ ಲೆಕ್ಕ ಹಾಕುತ್ತಿದ್ದವನ ಹಾಗೆ ಹುಬ್ಬು ಗಂಟಿಕ್ಕಿ ಕೂತಿದ್ದ.

"ಅವ್ವಾ, ಒಂದು ಮಾತು."

"ಕೇಳು."

"ಆ ಮೊದಲನೆಯ ಗಾಡಿ ಕಂಬದ ಎಣ್ಣೆ. ಅಷ್ಟನ್ನೂ ಮರವೇ ಕುಡಿದಿತ್ತೇ? ಸ್ವಲ್ಪವಾದರೂ ಅವನು ಕದ್ದಿರಬಹುದಲ್ಲವೇ?"

"ಆ ಹುಡುಗ ಮತ್ತೆ ಎದ್ದು ನಡೆದನೇ ಎಂದು ಕೇಳುತ್ತೀಯೇನೋ ಅಂದುಕೊಂಡಿದ್ದೆ, ಮಗಾ."